ಹೇಳಬೇಕಾದವರಿಗೇ ಹೇಳದ ಮಾತು

ನಮ್ಮ ಮನೆಗಳಲ್ಲಿ ಹೆಸರು ಹಿಡಿದು ಹೇಳಲು ಹಿಂಜರಿಯುವ ಕಾಯಿಲೆಗಳು ಎರಡಿವೆ. ಒಂದು ಮನಸ್ಸಿನ ಕಾಯಿಲೆ, ಇನ್ನೊಂದು ಎಚ್.ಐ.ವಿ. ಸೋಂಕು. ಮೊದಲನೆಯದನ್ನು 'ಸ್ವಲ್ಪ ನರಗಳ ತೊಂದರೆ' ಎನ್ನುತ್ತೇವೆ. ಎರಡನೆಯದನ್ನು 'ಆ ಕಾಯಿಲೆ' ಎಂದು ದನಿ ತಗ್ಗಿಸಿ ಮುಗಿಸುತ್ತೇವೆ. ಇವೆರಡೂ ಒಬ್ಬರ ಬಾಳಿನಲ್ಲೇ ಕೂಡಿಕೊಳ್ಳಬಹುದು, ಮೊದಲನೆಯದು ಇರುವವರಿಗೆ ಎರಡನೆಯದು ತಗಲುವ ಅಪಾಯ ಹೆಚ್ಚು ಎಂಬುದನ್ನು ಮಾತ್ರ ನಾವು ಯೋಚಿಸಿದ್ದೇ ಕಡಿಮೆ. ಆ ಅಪಾಯವನ್ನು ತಡೆಯುವ ಬಗೆ ಏನು ಎಂಬುದು ಈ ಹೊತ್ತಿನ ನನ್ನ ಮಾತಿನ ವಿಷಯ.

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಈ ವಿಷಯವನ್ನು ಕುರಿತು ಮಾತನಾಡಲು ನನಗೇನು ಅಧಿಕಾರ ಎಂದು ಕೇಳುಗರು ಕೇಳಿದರೆ ತಪ್ಪಲ್ಲ. ಅದಕ್ಕೆ ಉತ್ತರವಾಗಿ ಒಂದು ಪ್ರಸಂಗವನ್ನು ಹೇಳುತ್ತೇನೆ.

ನನಗಿಂತ ಹತ್ತು ವರ್ಷ ಕಿರಿಯನಾದ ನನ್ನ ತಮ್ಮನಿಗೆ 22ನೆಯ ವಯಸ್ಸಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಕಾಣಿಸಿಕೊಂಡಿತು. ತಂದೆತಾಯಿ ತೀರಿಕೊಂಡ ಮೇಲೆ ಅವನು ನನ್ನ ಜೊತೆಯಲ್ಲಿದ್ದಾನೆ. ಮಾತ್ರೆಗಳನ್ನು ತಪ್ಪಿಸುವುದಿಲ್ಲ. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತಾನೆ; ಅವನ ಕಣ್ಣಿಗೆ ಬಿದ್ದ ಅಕ್ಷರದೋಷ ಉಳಿದದ್ದಿಲ್ಲ. ಸುಮಾರು ಹತ್ತು ವರ್ಷಗಳ ಹಿಂದೆ, ಅವನಿಗೆ 46 ತುಂಬಿದ್ದಾಗ, ಎಂದಿನ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಹೊಸದಾಗಿ ಬಂದಿದ್ದ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಿದ್ದೆ, ಊಟ, ಮಾತ್ರೆ ಎಲ್ಲವನ್ನೂ ವಿಚಾರಿಸಿದ ಮೇಲೆ ಅದೇ ದನಿಯಲ್ಲಿ, "ಎಚ್.ಐ.ವಿ. ಹೇಗೆ ಹರಡುತ್ತದೆ, ಹೇಗೆ ತಡೆಯಬಹುದು ಅಂತ ನಿಮಗೆ ಯಾರಾದರೂ ಹೇಳಿದ್ದಾರೆಯೇ?" ಎಂದು ಕೇಳಿದರು.

ನನಗೆ ಕೆನ್ನೆಗೆ ಹೊಡೆದಂತಾಯಿತು. "ಅವನಿಗೆ ಅದೆಲ್ಲ ಏನೂ ಇಲ್ಲ ಡಾಕ್ಟರೇ. ಅವನು ಅಂಥವನಲ್ಲ" ಎಂದೆ. ತಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಅಣ್ಣಾ, ಅವರು ಕೇಳಿದ್ದು ನನ್ನನ್ನ."

ಡಾಕ್ಟರು, "ಸಾರ್, ನೀವು ಸ್ವಲ್ಪ ಹೊತ್ತು ಹೊರಗೆ ಕೂತಿರಿ" ಎಂದರು. ಅರ್ಧ ಗಂಟೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಒಳಗೆ ಅವನು ಏನು ಹೇಳಿದ ಎಂಬುದನ್ನು ನಾನು ಇಂದಿನವರೆಗೂ ಕೇಳಿಲ್ಲ, ಕೇಳುವುದೂ ಇಲ್ಲ. ಈ ಪ್ರಸಂಗವನ್ನು ಹೇಳಲು ಮಾತ್ರ ಅವನ ಒಪ್ಪಿಗೆ ಪಡೆದಿದ್ದೇನೆ. ಇಪ್ಪತ್ತನಾಲ್ಕು ವರ್ಷ ಅವನನ್ನು ನೋಡಿಕೊಂಡೆ ಎಂದು ಬೀಗುತ್ತಿದ್ದ ನನಗೆ, ಅಷ್ಟು ಕಾಲದಲ್ಲಿ ಒಮ್ಮೆಯೂ ಅವನನ್ನು ವಯಸ್ಸಿಗೆ ಬಂದ ಮನುಷ್ಯನೆಂದು ಕಂಡು ಮಾತನಾಡಿಸಲಿಲ್ಲವಲ್ಲ ಎಂಬ ಅರಿವು ಆ ಬೆಂಚಿನ ಮೇಲೆ ಆಯಿತು. ಅಲ್ಲಿಂದ ಮುಂದೆ ಓದಿ, ಕೇಳಿ ತಿಳಿದುಕೊಂಡದ್ದನ್ನೇ ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ಸೋಂಕಿನ ಮಾತು. ನಮ್ಮ ದೇಶದಲ್ಲಿ ಎಚ್.ಐ.ವಿ. ಇರುವುದು ಪ್ರಯೋಗಾಲಯದಲ್ಲಿ ದೃಢಪಟ್ಟದ್ದು 1986ರಲ್ಲಿ, ಆಗಿನ ಮದರಾಸಿನಲ್ಲಿ, ಡಾ. ಸುನೀತಿ ಸಾಲೊಮನ್ ಅವರ ನೇತೃತ್ವದಲ್ಲಿ. ಈ ವೈರಾಣು ರೋಗನಿರೋಧಕ ಶಕ್ತಿಯ ಬೇರಿಗೇ ಕೈಹಾಕುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ, ಹಲವು ವರ್ಷಗಳಲ್ಲಿ ಏಡ್ಸ್ ಎಂಬ ಸ್ಥಿತಿಗೆ ಒಯ್ಯುತ್ತದೆ. ಹರಡುವ ದಾರಿಗಳು ಕೆಲವೇ: ಸೋಂಕಿರುವವರೊಡನೆ ಕಾಂಡೋಮ್ ಇಲ್ಲದೆ ನಡೆಯುವ ಲೈಂಗಿಕ ಸಂಪರ್ಕ, ಅದು ಗಂಡು ಹೆಣ್ಣಿನ ನಡುವೆ ಆಗಲಿ, ಗಂಡಸರ ನಡುವೆ ಆಗಲಿ, ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು ಬಳಸುವುದು, ಸೋಂಕುಳ್ಳ ರಕ್ತ, ಮತ್ತು ಚಿಕಿತ್ಸೆ ಪಡೆಯದ ತಾಯಿಯಿಂದ ಮಗುವಿಗೆ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಒಂದೇ ಕೋಣೆಯಲ್ಲಿ ಮಲಗುವುದರಿಂದ, ಕೈ ಹಿಡಿಯುವುದರಿಂದ, ಸೊಳ್ಳೆ ಕಚ್ಚುವುದರಿಂದ ಇದು ಬಾರದು. ಇಂದು ದೇಶದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಸಾವಿರಕ್ಕೆ ಸುಮಾರು ಇಬ್ಬರು.

ಇನ್ನು ಮನೋರೋಗದ ಮಾತು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು ಇಬ್ಬರು ಬಾಳಿನ ಒಂದಲ್ಲ ಒಂದು ಹಂತದಲ್ಲಿ ತೀವ್ರ ಮನೋರೋಗಕ್ಕೆ ತುತ್ತಾದವರು. ಸ್ಕಿಜೋಫ್ರೇನಿಯಾ, ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಇವರಲ್ಲಿ ಎಚ್.ಐ.ವಿ. ಸೋಂಕು ಸಾಮಾನ್ಯ ಜನರಲ್ಲಿರುವುದಕ್ಕಿಂತ ಹೆಚ್ಚಾಗಿರುವುದನ್ನು ಅನೇಕ ದೇಶಗಳ ಅಧ್ಯಯನಗಳು ಕಂಡಿವೆ.

ಏಕೆ ಹೀಗೆ? ಮನೋರೋಗವೇನೂ ವೈರಾಣುವನ್ನು ಕರೆದು ತರುವುದಿಲ್ಲ. ಆ ರೋಗದ ಸುತ್ತ ಬೆಳೆಯುವ ಬದುಕು ಬಾಗಿಲು ತೆರೆಯುತ್ತದೆ. ಉನ್ಮಾದದ ದಿನಗಳಲ್ಲಿ ನಿದ್ದೆ ಬೇಡವಾಗುತ್ತದೆ, ಹಣ ನೀರಾಗುತ್ತದೆ, ಕಾಮನೆ ಕಟ್ಟು ಮೀರುತ್ತದೆ, ಆಗುಹೋಗುಗಳ ಎಣಿಕೆ ಮಂಕಾಗುತ್ತದೆ. ಕುಡಿತ ಸೇರಿದರೆ ಉಳಿದ ಎಚ್ಚರವೂ ಹೋಗುತ್ತದೆ. ಮನೆ ಬಿಟ್ಟು ಅಲೆಯುವ ರೋಗಿಗೆ, ಬಸ್ ನಿಲ್ದಾಣದಲ್ಲಿ ಮಲಗುವ ಹೆಂಗಸಿಗೆ, ತನ್ನ ದೇಹದ ಮೇಲೆ ತನ್ನ ಹಿಡಿತವೇ ಇರುವುದಿಲ್ಲ. ಸಂಬಂಧಗಳು ಕಡಿದುಹೋದ ಬಾಳಿನಲ್ಲಿ ಯಾರಾದರೂ ಒಂದಿಷ್ಟು ಅಕ್ಕರೆ ತೋರಿದರೆ, 'ಕಾಂಡೋಮ್ ಇಲ್ಲದೆ ಬೇಡ' ಎಂದು ಹೇಳಿ ಅವರನ್ನು ಕಳೆದುಕೊಳ್ಳುವ ಧೈರ್ಯ ಬರುವುದು ಕಷ್ಟ. ಇವೆಲ್ಲಕ್ಕೂ ಮೇಲೆ, ಇವರಿಗೆ ಯಾರೂ ಏನನ್ನೂ ಹೇಳಿರುವುದಿಲ್ಲ.

ಹೇಳದಿರುವುದಕ್ಕೆ ನಾವು ಕೊಟ್ಟುಕೊಳ್ಳುವ ಸಮಾಧಾನಗಳು ಎರಡು. 'ಇವನಿಗೆ ಅಂಥ ಆಸೆಗಳೇ ಇಲ್ಲ' ಎಂಬುದು ಒಂದು. 'ಇವನಿಗೆ ಹತೋಟಿಯೇ ಇಲ್ಲ, ಹೇಳಿ ಪ್ರಯೋಜನವಿಲ್ಲ' ಎಂಬುದು ಇನ್ನೊಂದು. ಒಂದು ಅವನನ್ನು ಮಗುವಾಗಿಸುತ್ತದೆ, ಇನ್ನೊಂದು ಪಶುವಾಗಿಸುತ್ತದೆ. ಒಂದಕ್ಕೊಂದು ವಿರುದ್ಧವಾದ ಈ ಎರಡು ಮಾತುಗಳನ್ನು ಒಂದೇ ಮನೆಯಲ್ಲಿ, ಒಂದೇ ಬಾಯಿಂದ ಕೇಳಬಹುದು. ಕೊನೆಗೆ ಎರಡೂ ತಲುಪುವುದು ಮೌನವನ್ನೇ. ಕೂಡಿಹಾಕಿದರೆ ಕ್ಷೇಮ ಎಂದುಕೊಳ್ಳುವವರೂ ಇದ್ದಾರೆ. ಆದರೆ ಕೂಡಿಹಾಕಿದ ಮನೆಯೇ ಕ್ಷೇಮವಲ್ಲದಿದ್ದರೆ?

ಇದು ಬರಿಯ ಊಹೆಯ ಪ್ರಶ್ನೆಯಲ್ಲ. ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯೆ ಡಾ. ಪ್ರಭಾ ಚಂದ್ರ ಮತ್ತು ಅವರ ಸಂಗಡಿಗರು ತೀವ್ರ ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ 146 ಮಹಿಳೆಯರೊಡನೆ ಮಾತನಾಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 34ರಷ್ಟು ಮಂದಿ ತಾವು ಲೈಂಗಿಕ ಬಲಾತ್ಕಾರಕ್ಕೆ ಒಳಗಾದುದನ್ನು ಹೇಳಿಕೊಂಡರು. ಬಲಾತ್ಕಾರ ಮಾಡಿದವರಲ್ಲಿ ಹೆಚ್ಚಾಗಿ ಕಾಣಿಸಿಕೊಂಡವನು ಕೈಹಿಡಿದ ಗಂಡ ಅಥವಾ ಸಂಗಾತಿ. ಕೇಳುವವರು ಕೇಳಿದ್ದರಿಂದ ಅದು ಹೊರಬಂದಿತು. 'ಅವಳ ಮಾತಿಗೇನು ಅರ್ಥ, ತಲೆ ಸರಿಯಿಲ್ಲ' ಎಂದು ತಳ್ಳಿಹಾಕುವ ಲೋಕದಲ್ಲಿ ಅಂಥ ಹೆಣ್ಣು ಯಾರಿಗೆ ತಾನೆ ಹೇಳಿಕೊಂಡಾಳು? 'ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ' ಎಂದು ಕಾಯಿಲೆಯನ್ನು ಮುಚ್ಚಿಟ್ಟು ಧಾರೆಯೆರೆದು ಕೊಡುವ ನಮ್ಮ ಪದ್ಧತಿಯನ್ನೂ ಇಲ್ಲಿ ನೆನೆಯಬೇಕು. ಮದುವೆ ಮನೋರೋಗಕ್ಕೆ ಮದ್ದಲ್ಲ, ಎಚ್.ಐ.ವಿ.ಗೆ ಅಡ್ಡಗೋಡೆಯೂ ಅಲ್ಲ.

ಹಾಗಾದರೆ ತಡೆಯುವ ಬಗೆ ಏನು? ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಮೈಕೇಲ್ ಕೇರಿ ಎಂಬವರು ಈ ಪ್ರಶ್ನೆಯ ಬೆನ್ನು ಹತ್ತಿದವರು. ನಮ್ಮ ನಿಮ್ಹಾನ್ಸ್ ವೈದ್ಯರೊಡನೆ ಸೇರಿ ಬೆಂಗಳೂರಿನಲ್ಲೂ ಅಧ್ಯಯನ ಮಾಡಿದವರು. ಅವರ ತಂಡ ಮನೋರೋಗಕ್ಕೆ ಹೊರರೋಗಿಗಳಾಗಿ ಚಿಕಿತ್ಸೆ ಪಡೆಯುತ್ತಿದ್ದ 408 ಜನರನ್ನು ಮೂರು ಗುಂಪು ಮಾಡಿತು. ಒಂದು ಗುಂಪಿಗೆ ಎಚ್.ಐ.ವಿ. ತಡೆಯ ಬಗ್ಗೆ ಹತ್ತು ಪಾಠಗಳು; ಇನ್ನೊಂದಕ್ಕೆ ಕುಡಿತ ಮತ್ತು ಮಾದಕವಸ್ತು ಕಡಿಮೆ ಮಾಡುವ ಬಗ್ಗೆ ಹತ್ತು ಪಾಠಗಳು; ಮೂರನೆಯದಕ್ಕೆ ಎಂದಿನ ಚಿಕಿತ್ಸೆ ಮಾತ್ರ. 2004ರಲ್ಲಿ ಫಲಿತಾಂಶ ಹೊರಬಂದಿತು. ಎಚ್.ಐ.ವಿ. ಪಾಠಗಳನ್ನು ಕೇಳಿದವರಲ್ಲಿ ಅಸುರಕ್ಷಿತ ಸಂಪರ್ಕ ಕಡಿಮೆಯಾಗಿತ್ತು, ತಿಳಿವಳಿಕೆ ಹೆಚ್ಚಿತ್ತು. ಹೇಳಿ ಪ್ರಯೋಜನವಿಲ್ಲ ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕೆ?

ಆ ಪಾಠಗಳ ಗುಟ್ಟು ಉಪದೇಶದಲ್ಲಿರಲಿಲ್ಲ. ತಿಳಿವಳಿಕೆ, ಮನಸ್ಸು, ಅಭ್ಯಾಸ - ಈ ಮೂರನ್ನೂ ಒಟ್ಟಿಗೆ ಹಿಡಿದದ್ದರಲ್ಲಿ ಇತ್ತು. ಸೋಂಕು ಹೇಗೆ ಬರುತ್ತದೆ ಎಂಬುದು ತಿಳಿವಳಿಕೆ. 'ನನ್ನ ಬಾಳೂ ಕಾಪಾಡಿಕೊಳ್ಳತಕ್ಕದ್ದೇ' ಎಂದು ಅನ್ನಿಸುವುದು ಮನಸ್ಸು. ಬೇಡ ಎನ್ನುವುದು ಹೇಗೆ, ಕಾಂಡೋಮ್ ಬಳಸೋಣ ಎಂದು ಜೊತೆಯವರಿಗೆ ಹೇಳುವುದು ಹೇಗೆ, ಅದನ್ನು ಬಳಸುವ ಕ್ರಮ ಯಾವುದು - ಇವನ್ನು ಬಾಯಲ್ಲಿ ಆಡಿ, ಕೈಯಲ್ಲಿ ಮಾಡಿ ಕಲಿಯುವುದು ಅಭ್ಯಾಸ. ಮೂವತ್ತು ವರ್ಷ ಛಂದಸ್ಸು ಕಲಿಸಿದ ನನಗೆ ಇದು ಅರ್ಥವಾಗುತ್ತದೆ. ಲಕ್ಷಣ ಬಾಯಿಪಾಠವಾದ ಮಾತ್ರಕ್ಕೆ ಯಾವ ವಿದ್ಯಾರ್ಥಿಗೂ ಪದ್ಯ ಓದಲು ಬಂದದ್ದಿಲ್ಲ.

ಹೇಳುವುದಕ್ಕೂ ಒಂದು ಹದವಿದೆ. ರೋಗ ಕೆರಳಿದ ದಿನಗಳಲ್ಲಿ ಹೇಳಿದ್ದು ತಲೆಗೆ ಹತ್ತುವುದಿಲ್ಲ. ತಿಳಿಯಾದ ಮೇಲೆ ಹೇಳಬೇಕು. ಒಂದು ಸಲಕ್ಕೆ ಒಂದೇ ವಿಷಯ ಸಾಕು. ಮುಂದಿನ ಭೇಟಿಯಲ್ಲಿ ಅದನ್ನೇ ಮತ್ತೆ ಹೇಳಬೇಕು, ಏಕೆಂದರೆ ಈ ರೋಗಗಳಲ್ಲಿ ಗಮನ ಮತ್ತು ನೆನಪು ಸೊರಗುವುದುಂಟು. ಹೆಂಗಸರ ಜೊತೆ ಹೆಂಗಸರು ಮಾತನಾಡಿದರೆ ಮಾತು ಸಲೀಸು. ಮನೆಯವರು ಎದುರಿಗಿದ್ದಾಗ ಬಾರದ ಮಾತು ಅವರು ಹೊರಗೆ ಕುಳಿತಾಗ ಬರುತ್ತದೆ. ಉನ್ಮಾದ ಮರುಕಳಿಸುವ ಸೂಚನೆಗಳು ರೋಗಿಗೇ ಚೆನ್ನಾಗಿ ಗೊತ್ತಿರುತ್ತವೆ. 'ನಿದ್ದೆ ಕಡಿಮೆಯಾದ ಕೂಡಲೇ ಡಾಕ್ಟರಿಗೆ ತಿಳಿಸಿ, ನನ್ನ ಕೈಗೆ ಹೆಚ್ಚು ಹಣ ಕೊಡಬೇಡಿ' ಎಂದು ನೆಮ್ಮದಿಯ ದಿನಗಳಲ್ಲಿ ಅವರೇ ಮನೆಯವರೊಡನೆ ಒಪ್ಪಂದ ಮಾಡಿಕೊಳ್ಳಬಹುದು. ಮನೋರೋಗದ ಚಿಕಿತ್ಸೆಯನ್ನು ತಪ್ಪದೆ ಮುಂದುವರಿಸುವುದೂ ಎಚ್.ಐ.ವಿ. ತಡೆಯ ಒಂದು ಭಾಗವೇ.

ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ಆ ಡಾಕ್ಟರ ಜೊತೆ ಕೆಲಸ ಮಾಡುತ್ತಿದ್ದ ಆಪ್ತಸಮಾಲೋಚಕಿ, ನಾನು ಕನ್ನಡದವನೆಂದು ತಿಳಿದು, ರೋಗಿಗಳಿಗೆ ಕೊಡಲು ಒಂದು ಕರಪತ್ರ ಬರೆದುಕೊಡಿ ಎಂದರು. ನಾನು ಬಹಳ ಶ್ರದ್ಧೆಯಿಂದಲೇ ಬರೆದೆ. 'ಅಸುರಕ್ಷಿತ ಲೈಂಗಿಕ ಸಂಪರ್ಕವನ್ನು ವರ್ಜಿಸತಕ್ಕದ್ದು. ಸಂಯಮವೇ ಪರಮ ರಕ್ಷೆ' ಎಂದು ಮೊದಲಾಗಿ ಒಂದು ಪುಟ. ತಮ್ಮನಿಗೆ ಕರಡು ನೋಡಲು ಕೊಟ್ಟೆ. ಅವನು ಎರಡು ಕಾಗುಣಿತ ತಿದ್ದಿ, ಪುಟವನ್ನು ಹಿಂದಕ್ಕೆ ಕೊಡುತ್ತ, "ವರ್ಜಿಸತಕ್ಕದ್ದು ಅಂದ್ರೆ ಸರಿ ಅಣ್ಣ. ಅದರ ಬದಲು ಏನು ಮಾಡ್ಬೇಕು ಅಂತ ಎಲ್ಲೂ ಬರೆದಿಲ್ವಲ್ಲ?" ಎಂದ.

ಬರೆದಿರಲಿಲ್ಲ, ನಿಜ. ಸಂಸ್ಕೃತ ಪದಗಳ ಮರೆಯಲ್ಲಿ ನಾನು ನನ್ನ ಸಂಕೋಚವನ್ನು ಬಚ್ಚಿಟ್ಟುಕೊಂಡಿದ್ದೆ. ಈ ಚಾಳಿ ನನ್ನೊಬ್ಬನದಲ್ಲ. 1968ರಲ್ಲಿ ಸರ್ಕಾರ ಕಡಿಮೆ ಬೆಲೆಯ ಕಾಂಡೋಮನ್ನು ದೇಶಕ್ಕೆಲ್ಲ ಹಂಚಲು ಹೊರಟಾಗ ಅದಕ್ಕೆ ಕೊಟ್ಟ ಹೆಸರು 'ನಿರೋಧ್'. ಗೋಡೆಗೋಡೆಯ ಮೇಲೂ ಇದ್ದ ಆ ಪದವನ್ನು ನಮ್ಮ ತಲೆಮಾರಿನವರು ಹುಡುಗರಾಗಿದ್ದಾಗ ಓದಿದೆವು. ಅದು ಏನೆಂದು ಯಾವ ಮೇಷ್ಟರೂ ಹೇಳಲಿಲ್ಲ. ಮೇಷ್ಟರಾದ ಮೇಲೆ ನಾವೂ ಹೇಳಲಿಲ್ಲ. ಕನ್ನಡಕ್ಕೆ ಶಕ್ತಿಯಿಲ್ಲವೆಂದಲ್ಲ. 'ಕೊರವಂಜಿ'ಯ ರಾಶಿ, ಎಂದರೆ ಡಾ. ಎಂ. ಶಿವರಾಂ, ಮನೋರೋಗಗಳನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಡಾ. ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ'ಯನ್ನು ಬರೆದು ದೇಹದ ಮಾತನ್ನು ಗೌರವದಿಂದ, ಬಿಚ್ಚಿ ಆಡುವುದನ್ನು ಕನ್ನಡಕ್ಕೆ ಕಲಿಸಿದರು. ದಾರಿ ಇತ್ತು. ನಡೆಯದವರು ನಾವು.

ಕರಪತ್ರವನ್ನು ಮತ್ತೆ ಬರೆದೆ, ಈ ಸಲ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು. 'ಯಾರೊಡನೆ ಕೂಡುವಾಗಲೂ, ಪ್ರತಿ ಸಲವೂ, ಹೊಸ ಕಾಂಡೋಮ್ ಬಳಸಿ. ಕುಡಿದಾಗ ಈ ಎಚ್ಚರ ತಪ್ಪುತ್ತದೆ. ನಿಮಗೆ ಇಷ್ಟವಿಲ್ಲದಿದ್ದರೆ ಬೇಡ ಎನ್ನಿ. ಬಲವಂತ ನಡೆದರೆ ಕೂಡಲೇ ನಮಗೆ ತಿಳಿಸಿ, ತಪ್ಪು ನಿಮ್ಮದಲ್ಲ.' ಇಷ್ಟೇ. ಸಾಹಿತ್ಯದ ದೃಷ್ಟಿಯಿಂದ ಇದರಲ್ಲಿ ಏನೂ ಇಲ್ಲ. ಆದರೆ ನಾನು ಬರೆದುದರಲ್ಲಿ ಹೆಚ್ಚು ಜನರಿಗೆ ಉಪಯೋಗಕ್ಕೆ ಬಂದ ಪುಟ ಇದೇ ಇರಬಹುದು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ, ರೋಗಿಗೆ ತಿಳಿಯುವಂಥ ಸರಳ ಭಾಷೆಯಲ್ಲಿ, ಬೇಕಾದರೆ ಚಿತ್ರ ಅಥವಾ ಸಂಜ್ಞೆಗಳ ಮೂಲಕ ವಿಷಯವನ್ನು ತಿಳಿಸುವ ಮಾತಿದೆ. ಸರಳವಾಗಿ ಹೇಳುವುದನ್ನು ಕಾನೂನಿನ ಪುಟದಲ್ಲಿ ಕಂಡಾಗ ನನಗೆ ನಾಚಿಕೆಯೂ ಸಂತೋಷವೂ ಒಟ್ಟಿಗೆ ಆದವು. ತಾನು ಅಸ್ವಸ್ಥನಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ರೋಗಿಯು ಮುಂಚಿತವಾಗಿ ಬರೆದಿಡುವ ಹಕ್ಕನ್ನೂ ಆ ಕಾಯಿದೆ ಕೊಟ್ಟಿದೆ.

ಬಲಾತ್ಕಾರ ನಡೆದಿದ್ದರೆ ಹೊತ್ತು ಕಳೆಯಬಾರದು. ವೈರಾಣು ನೆಲೆಯೂರದಂತೆ ತಡೆಯುವ ಔಷಧಿಗಳಿವೆ. ಅವನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ ಆಗಲಿ ಖಾಸಗಿ ಆಗಲಿ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಬೇಕೆಂಬುದು ಕಾನೂನು.

ಪರೀಕ್ಷೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಮನೋರೋಗಿ ಎಂಬ ಕಾರಣಕ್ಕೆ ಅವರಿಗೆ ತಿಳಿಸದೆ ರಕ್ತ ತೆಗೆದು ಎಚ್.ಐ.ವಿ. ಪರೀಕ್ಷೆ ಮಾಡಿಸುವುದು ತಪ್ಪು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯ ಪ್ರಕಾರ ಪರೀಕ್ಷೆಗೆ ತಿಳಿದು ಕೊಟ್ಟ ಒಪ್ಪಿಗೆ ಬೇಕು, ಫಲಿತಾಂಶ ಗೋಪ್ಯವಾಗಿರಬೇಕು, ಸೋಂಕಿದೆ ಎಂದು ಕೆಲಸದಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ, ವಾಸದ ಮನೆಯ ವಿಷಯದಲ್ಲಾಗಲಿ ಭೇದ ಮಾಡಕೂಡದು. ಸರ್ಕಾರಿ ಆಸ್ಪತ್ರೆಗಳ ಪರೀಕ್ಷಾ ಕೇಂದ್ರಗಳಲ್ಲಿ ಆಪ್ತಸಮಾಲೋಚನೆಯೂ ಪರೀಕ್ಷೆಯೂ ಉಚಿತ.

ಸೋಂಕು ಕಂಡುಬಂದರೂ ಬಾಳು ಮುಗಿಯಿತೆಂದಲ್ಲ. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಎ.ಆರ್.ಟಿ. ಔಷಧಿ ಕೊಡುತ್ತಿದೆ. ಈಗ ಬಹುಪಾಲು ಜನರಿಗೆ ದಿನಕ್ಕೆ ಒಂದು ಮಾತ್ರೆ. ಇದು ವೈರಾಣುವನ್ನು ಪೂರ್ತಿ ತೊಲಗಿಸದು, ಅಡಗಿಸುತ್ತದೆ. ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಚಿಕಿತ್ಸೆಯೇ ತಡೆಯೂ ಆಗಿದೆ. ಆದರೆ ಎರಡು ಕಡೆ ಔಷಧಿ ಪಡೆಯುವವರು ಎರಡೂ ಚೀಟಿಗಳನ್ನು ಇಬ್ಬರು ವೈದ್ಯರಿಗೂ ತೋರಿಸಬೇಕು. ಉದಾಹರಣೆಗೆ, ಉನ್ಮಾದಕ್ಕೂ ಮೂರ್ಛೆರೋಗಕ್ಕೂ ಕೊಡುವ ಕಾರ್ಬಮಝೆಪಿನ್, ಎಚ್.ಐ.ವಿ.ಗೆ ಕೊಡುವ ಡೊಲುಟೆಗ್ರಾವಿರ್ ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸುತ್ತದೆ. ತಾವಾಗಿ ಯಾವುದನ್ನೂ ನಿಲ್ಲಿಸಬಾರದು. ಡಾಕ್ಟರು ತಿಳಿದರೆ ಸರಿಹೊಂದಿಸುತ್ತಾರೆ. ಇಲ್ಲಿಯೂ ಕೆಡುಕು ಮಾಡುವುದು ಮುಚ್ಚಿಡುವುದೇ.

ಎಚ್.ಐ.ವಿ. ಕುರಿತು ಕೇಳಲು 1097, ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ನ 14416 - ಈ ಎರಡು ಸಂಖ್ಯೆಗಳಿಗೆ ಉಚಿತವಾಗಿ ದೂರವಾಣಿ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಹೆಸರು ಹೇಳಲು ಹಿಂಜರಿಯುವವರಿಗೆ ಮೊದಲ ಮೆಟ್ಟಿಲಾಗಿ ಇದು ಸಾಕು.

ಮನೆಯಲ್ಲಿ ಇಂಥ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಇರುವವರು ಈ ಮಾತನ್ನು ಕೇಳುತ್ತಿರಬಹುದು. ಎಲ್ಲವನ್ನೂ ನೀವೇ ಹೇಳಬೇಕಾಗಿಲ್ಲ. ನಮ್ಮಲ್ಲಿ ಅನೇಕರಿಗೆ ಅದು ಸಾಧ್ಯವೂ ಅಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ, "ಡಾಕ್ಟರೇ, ಇವರಿಗೆ ಎಚ್.ಐ.ವಿ. ವಿಷಯವನ್ನೂ ತಿಳಿಸಿಕೊಡಿ" ಎಂದು ಹೇಳಿ, ಎದ್ದು ಹೊರಗೆ ಬನ್ನಿ. ಬಾಗಿಲ ಹೊರಗೆ ಒಂದು ಬೆಂಚು ಇರುತ್ತದೆ. ಅಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಒಳಗೆ ಏನು ಮಾತಾಯಿತು ಎಂದು ದಾರಿಯಲ್ಲಿ ಕೇಳಬೇಡಿ.